ಮದುವೆ ಕಾಗದಕ್ಕೂ ಅದೇ ಅಕ್ಷರ, ತಿಥಿ ಕಾಗದಕ್ಕೂ ಅದೇ ಅಕ್ಷರ

ಊರೂರಿನ ಡಿಟಿಪಿ ಅಣ್ಣಂದಿರಿಗೆ ಒಂದು ಬಹಿರಂಗ ಪತ್ರ

ಸದರ್ನ್ ಅವೆನ್ಯೂ, ಕೋಲ್ಕತ್ತ

ಪ್ರೀತಿಯ ಡಿಟಿಪಿ ಅಣ್ಣನಿಗೆ,

ಕಳೆದ ವರ್ಷ ಅಪ್ಪನ ತಿಥಿ ಕಾಗದ ಮಾಡಿಸಲು ನಿಮ್ಮ ಅಂಗಡಿಗೆ ಬಂದಿದ್ದೆ. ಸ್ಟೂಲು ಎಳೆದು ಕೂರಿಸಿದಿರಿ, ಕುಡಿಯಲು ನೀರು ಕೊಟ್ಟಿರಿ. ಸರದಿಯಲ್ಲಿದ್ದ ಬೇರೆ ಕೆಲಸ ಬದಿಗಿಟ್ಟು ಹದಿನೈದೇ ನಿಮಿಷದಲ್ಲಿ ಪ್ರೂಫ್ ತೆಗೆದು ಕೈಗಿತ್ತಿರಿ. ದುಡ್ಡು ಆಮೇಲೆ ನೋಡೋಣ ಎಂದಿರಿ. ಆ ಒಳ್ಳೆಯತನವನ್ನು ನಮ್ಮ ಮನೆಯವರು ಯಾರೂ ಮರೆತಿಲ್ಲ. ಆದರೆ ಆ ದಿನ ಬಾಯಿಗೆ ಬಾರದ ಒಂದು ಮಾತು ನನ್ನೊಳಗೇ ಉಳಿದುಬಿಟ್ಟಿದೆ. ಅದನ್ನು ನಿಮಗೊಬ್ಬರಿಗೆ ಹೇಳಿದರೆ ಸಾಲದು. ನಿಮ್ಮಂಥ ಅಂಗಡಿ ಕರ್ನಾಟಕದ ಬಸ್‌ಸ್ಟ್ಯಾಂಡುಗಳ ಎದುರಿಗೆಲ್ಲ ಇದೆ. ಅದೇ ಕಂಪ್ಯೂಟರು, ಅದೇ ಫಾಂಟುಗಳ ಪಟ್ಟಿ. ಅದಕ್ಕೇ ನಿಮ್ಮ ಹೆಸರು ಬರೆಯದೆ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನಿರುವುದು ಕೋಲ್ಕತ್ತದ ಸದರ್ನ್ ಅವೆನ್ಯೂದಲ್ಲಿ. ದಾಖಲೆಯಲ್ಲಿ ಈ ರಸ್ತೆಗೆ ವಿಜ್ಞಾನಿ ಡಾ. ಮೇಘನಾದ ಸಾಹಾ ಅವರ ಹೆಸರಿದೆ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ. ಒಂದು ಬದಿಗೆ ರವೀಂದ್ರ ಸರೋವರ, ರಸ್ತೆಯ ನಡುವೆ ಮರಗಳ ಸಾಲು. ದುರ್ಗಾಪೂಜೆ ಹತ್ತಿರ ಬಂತೆಂದರೆ ಬಿದಿರಿನ ಚೌಕಟ್ಟುಗಳು ಎದ್ದು ಬ್ಯಾನರುಗಳ ಗೋಡೆಯೇ ನಿಲ್ಲುತ್ತದೆ. ಪುಸ್ತಕಕ್ಕೆ, ಪೊಟ್ಟಣಕ್ಕೆ, ಫಲಕಕ್ಕೆ ಅಕ್ಷರ ಆರಿಸಿ ಕೂರಿಸುವುದು ನನ್ನ ಕಸುಬು. ಆದ್ದರಿಂದ ಆ ಗೋಡೆಯ ಮೇಲಿನ ಮಾತನ್ನು ಓದುವ ಮೊದಲು ಅಕ್ಷರದ ಮೈಕಟ್ಟು ನೋಡುತ್ತೇನೆ. ಬಂಗಾಳಿ ಅಕ್ಷರಗಳು ತಂತಿಗೆ ಒಣಹಾಕಿದ ಬಟ್ಟೆಯ ಹಾಗೆ ಒಂದೇ ಗೆರೆಗೆ ಜೋತುಬಿದ್ದಿರುತ್ತವೆ. ನಮ್ಮ ಅಕ್ಷರಗಳು ಮಲೆನಾಡಿನ ಮನೆಗಳ ಹಾಗೆ: ಒಂದೊಂದಕ್ಕೂ ಅದರದೇ ತಲೆಕಟ್ಟು, ಅದರದೇ ಮಾಡು, ಮನೆಗೂ ಮನೆಗೂ ನಡುವೆ ಅಂಗಳ. ಬಂಗಾಳಿ ನೋಡುತ್ತ ನಿಂತವಳಿಗೆ ಕನ್ನಡ ನೆನಪಾಗುತ್ತದೆ. ಕನ್ನಡ ನೆನಪಾದಾಗ ಆ ಎರಡು ಕಾಗದಗಳೂ ನೆನಪಾಗುತ್ತವೆ.

ಒಂದು, ತಂಗಿಯ ಮದುವೆ ಕಾಗದ. ಇನ್ನೊಂದು, ಅದಾಗಿ ಎರಡನೇ ವರ್ಷಕ್ಕೆ ಬಂದ ಅಪ್ಪನ ಉತ್ತರಕ್ರಿಯೆಯ ಕಾಗದ. ಎರಡನ್ನೂ ಮಾಡಿದವರು ನೀವೇ. ಅಮ್ಮನ ಟ್ರಂಕಿನಲ್ಲಿದ್ದ ಅವನ್ನು ಒಂದು ಮಧ್ಯಾಹ್ನ ಪಕ್ಕಪಕ್ಕ ಇಟ್ಟು ನೋಡಿದೆ. ಅದೇ ಅಕ್ಷರ, ಅದೇ ದಪ್ಪ, ಅದೇ ಬಳ್ಳಿಯ ಅಂಚು. ತಂಗಿಯನ್ನು ‘ಸೌಭಾಗ್ಯವತಿ’ ಎಂದು ಹರಸಿದ ಅಕ್ಷರವೇ ಅಪ್ಪ ‘ದೈವಾಧೀನರಾದರು’ ಎಂದೂ ಹೇಳಿತ್ತು. ಎರಡರ ನಡುವೆ ಇದ್ದ ವ್ಯತ್ಯಾಸ ಒಂದೇ: ಮದುವೆ ಕಾಗದದ ಮೂಲೆಗಳಲ್ಲಿ ಅಮ್ಮ ಹಚ್ಚಿದ ಅರಿಶಿನ ಕುಂಕುಮ. ತಿಥಿ ಕಾಗದಕ್ಕೆ ಅವಳು ಹಚ್ಚಿರಲಿಲ್ಲ.

ಓದು ಬಾರದ ನಮ್ಮ ಅಜ್ಜಿ ಕಾಗದದ ಮೂಲೆ ನೋಡಿಯೇ ಶುಭವೋ ಅಶುಭವೋ ಹೇಳುತ್ತಿದ್ದಳು. ಬಂದ ಸುದ್ದಿ ಎಂಥದು ಎನ್ನುವುದು ಓದುವ ಮೊದಲೇ ಕಣ್ಣಿಗೆ ತಿಳಿಯಬೇಕು, ಮನಸ್ಸು ಅದಕ್ಕೆ ಸಿದ್ಧವಾಗಬೇಕು ಎನ್ನುವ ವಿವೇಕ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇತ್ತು. ಆ ವಿವೇಕವನ್ನು ಅರಿಶಿನ ಉಳಿಸಿಕೊಂಡಿತ್ತು, ಅಚ್ಚಿನ ಅಕ್ಷರ ಕಳೆದುಕೊಂಡಿತ್ತು. ನಾನು ಬರೆಯಲು ಕೂತದ್ದು ಇದಕ್ಕಾಗಿ.

ಕೆಲವು ಫಾಂಟುಗಳನ್ನು ಕಂಡರೆ ನನಗಾಗುವುದಿಲ್ಲ. ಇದು ನನ್ನ ಸ್ವಂತ ಅಸಮಾಧಾನ, ಎಲ್ಲರೂ ಒಪ್ಪಬೇಕೆಂದಿಲ್ಲ. ಹೆಸರು ಹೇಳಿಬಿಡುತ್ತೇನೆ: ನುಡಿ, ತುಂಗಾ, ಬಾಲೂ ತಮ್ಮ. ಆದರೆ ಹೆಸರಿನ ಜೊತೆಗೆ ಅವುಗಳ ಹುಟ್ಟನ್ನೂ ಹೇಳಬೇಕು. ಯಾಕೆಂದರೆ ಅಕ್ಷರಕ್ಕೂ ಒಂದು ಕಸುಬು ಇರುತ್ತದೆ. ಆ ಕಸುಬು ಬಿಡಿಸಿ ಸಿಕ್ಕಸಿಕ್ಕ ಕೆಲಸಕ್ಕೆ ಹಚ್ಚಿದಾಗಲೇ ಒಳ್ಳೆಯ ಅಕ್ಷರವೂ ಕಣ್ಣಿಗೆ ಒಲ್ಲದಾಗುವುದು.

ಮೊದಲು ನುಡಿ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ದುಡ್ಡಿದ್ದವರ ಕೆಲಸವಾಗಿದ್ದ ಕಾಲವೊಂದಿತ್ತು. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿಯನ್ನು ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಬೆರಳಾಡಿಸಿ ಲಕ್ಷಾಂತರ ಜನ ಕನ್ನಡ ಟೈಪಿಂಗ್ ಕಲಿತರು. ನಾನೂ ಅವರಲ್ಲೊಬ್ಬಳು. ನನ್ನ ಮೊದಲ ಕನ್ನಡ ಪುಟ ನುಡಿಯಲ್ಲೇ ಮೂಡಿತು. ಆ ಋಣ ತೀರುವಂಥದ್ದಲ್ಲ. ತಾಲ್ಲೂಕು ಕಚೇರಿಯ ಸುತ್ತೋಲೆ, ಪಂಚಾಯಿತಿಯ ನೋಟಿಸು, ಶಾಲೆಯ ವರ್ಗಾವಣೆ ಪತ್ರ: ಇವಕ್ಕೆ ನುಡಿ ಚೆನ್ನಾಗಿಯೇ ಒದಗಿತು. ಒದಗಿ ಒದಗಿ, ಅದರ ದನಿ ಕಚೇರಿಯ ದನಿಯಾಗಿ ನಮ್ಮ ಕಿವಿಯಲ್ಲಿ ನಿಂತುಬಿಟ್ಟಿತು. ಅದೇ ದನಿಯಲ್ಲಿ ‘ತಮ್ಮ ಆಗಮನವನ್ನು ಬಯಸುವ’ ಎಂದು ಬರೆದರೆ ಕರೆಯುವವರ ಅಕ್ಕರೆ ಅದರಲ್ಲಿ ಇಳಿಯುವುದಿಲ್ಲ. ನುಡಿಯಲ್ಲಿ ತಪ್ಪಿಲ್ಲ. ಕಚೇರಿ ಕೆಲಸ ಮುಗಿಸಿ ಬಂದ ಅದನ್ನೇ ನಾವು ಮದುವೆ ಮನೆಗೂ ಸಾವಿನ ಮನೆಗೂ ಕಳಿಸುತ್ತಿದ್ದೇವೆ.

ಇನ್ನು ತುಂಗಾ. ಇದರ ಬಗ್ಗೆ ಬರೆಯುವಾಗ ನನಗೆ ನೋವಾಗುತ್ತದೆ. ನಾನು ತೀರ್ಥಹಳ್ಳಿಯವಳು, ಈಜು ಕಲಿತದ್ದು ತುಂಗೆಯಲ್ಲಿ. ನಮ್ಮ ಹೊಳೆಯ ಹೆಸರು ಹೊತ್ತ ಫಾಂಟು 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆ ಬಂತು. ಅದರ ಹಿಂದೆ ಇದ್ದವರು ಆರ್.ಕೆ. ಜೋಶಿ, ಮರಾಠಿ ಕವಿ, ಸುಂದರ ಬರಹದ ದೊಡ್ಡ ಕಲಾವಿದ, ಮುಂಬೈ ಐಐಟಿಯಲ್ಲಿ ಒಂದು ಪೀಳಿಗೆಗೆ ಅಕ್ಷರ ಕಲಿಸಿದ ಮೇಷ್ಟ್ರು. 2008ರಲ್ಲಿ ತೀರಿಕೊಂಡರು. ಭಾರತದ ಲಿಪಿಗಳಿಗೆ ಯೂನಿಕೋಡ್ ಅಕ್ಷರ ಕೊಟ್ಟ ಮೊದಲಿಗರಲ್ಲಿ ಅವರೊಬ್ಬರು. ತುಂಗಾ ಕಂಪ್ಯೂಟರಿನ ಪರದೆಯ ಅಕ್ಷರ. ಆಗಿನ ಮಂಕು ಮಾನಿಟರುಗಳಲ್ಲಿ, ಕಿರಿದಾದ ಕಿಟಕಿಗಳಲ್ಲಿ, ಸಣ್ಣ ಗಾತ್ರದಲ್ಲಿ ಕನ್ನಡ ಓದಲು ಸಿಗಬೇಕು ಎನ್ನುವುದು ಅದರ ಕೆಲಸ. ಬೆರಳುಗುರಿನಷ್ಟು ಜಾಗಕ್ಕೆ ಹೊಂದಿಸಿದ ಆ ಅಕ್ಷರವನ್ನು ಇಪ್ಪತ್ತು ಅಡಿಯ ಬೋರ್ಡಿಗೆ ಏರಿಸಿದರೆ ಏನಾಗುತ್ತದೆ? ಸಣ್ಣ ಗಾತ್ರದಲ್ಲಿ ಕಾಣದೇ ಇದ್ದ ಸರಳೀಕರಣವೆಲ್ಲ ಎದ್ದು ಕಾಣುತ್ತದೆ. ತಿರುವುಗಳು ಬಿಗಿದುಕೊಂಡಂತೆ, ಒತ್ತಕ್ಷರಗಳು ಮುದುಡಿದಂತೆ ಕಾಣುತ್ತವೆ. ಹೊಳೆಯನ್ನು ಚೊಂಬಿನಲ್ಲಿ ಹಿಡಿದದ್ದು ಒಬ್ಬ ಕಲಾವಿದನ ಜಾಣ್ಮೆ. ಆ ಚೊಂಬಿನ ನೀರನ್ನೇ ಊರ ಕೆರೆಗೆ ಸುರಿದು ಕೆರೆ ತುಂಬಿತು ಎಂದು ಹೇಳಲಾಗದು.

ಮೂರನೆಯದು ಬಾಲೂ ತಮ್ಮ. ಮುಂಬೈಯ ಏಕ್ ಟೈಪ್ ಬಳಗ ಇದನ್ನು ಉಚಿತವಾಗಿ ಕೊಟ್ಟಿತು. ಒಂದೇ ಕುಟುಂಬದಲ್ಲಿ ಭಾರತದ ಹಲವು ಲಿಪಿಗಳು. ಕನ್ನಡದಲ್ಲಿ ಬಾಲೂ ತಮ್ಮ, ಬಂಗಾಳಿಯಲ್ಲಿ ಬಾಲೂ ದಾ, ತಮಿಳಿನಲ್ಲಿ ಬಾಲೂ ತಂಬಿ, ಮಲಯಾಳದಲ್ಲಿ ಬಾಲೂ ಚೇಟ್ಟನ್. ಊರಲ್ಲಿ ತಮ್ಮ, ಇಲ್ಲಿ ಅಣ್ಣ. ದುಂಡು ಕೆನ್ನೆಯ, ಗಟ್ಟಿ ಮೈಯ, ನಗುಮುಖದ ಅಕ್ಷರ. ಐಸ್‌ಕ್ರೀಮಿಗೆ, ಮಕ್ಕಳ ಪುಸ್ತಕಕ್ಕೆ, ಬೇಸಿಗೆ ಶಿಬಿರಕ್ಕೆ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಗಲಾರ. ಸದರ್ನ್ ಅವೆನ್ಯೂದ ಬ್ಯಾನರಿನಲ್ಲಿ ಬಾಲೂ ದಾ ಕಂಡ ದಿನ ಪರಿಚಯದವರು ಸಿಕ್ಕಷ್ಟು ಸಂತೋಷವಾಗಿತ್ತು. ಆದರೆ ಕಳೆದ ಬಾರಿ ಊರಿಗೆ ಬಂದಾಗ ಬಸ್ಸಿಳಿದ ಕೂಡಲೇ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಕಂಡಿತು. ತೀರಿಕೊಂಡ ಹುಡುಗನ ಫೋಟೋ, ಕೆಳಗೆ ‘ಮತ್ತೆ ಹುಟ್ಟಿ ಬಾ’ ಎಂದು ಬಾಲೂ ತಮ್ಮನಲ್ಲಿ. ಬರೆಸಿದ ಗೆಳೆಯರ ದುಃಖ ನಿಜವಾದದ್ದು. ಅಕ್ಷರ ಮಾತ್ರ ನಗುತ್ತಿತ್ತು. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಈ ಅಸಮಾಧಾನ ಕನ್ನಡದ್ದು ಮಾತ್ರವಲ್ಲ. ಪ್ರಪಂಚದಲ್ಲಿ ಜನ ಅತಿ ಹೆಚ್ಚು ಬೈದುಕೊಂಡ ಫಾಂಟು ಕಾಮಿಕ್ ಸ್ಯಾನ್ಸ್. ಮೈಕ್ರೋಸಾಫ್ಟಿನಲ್ಲಿದ್ದ ವಿನ್ಸೆಂಟ್ ಕೊನೇರ್ 1994ರಲ್ಲಿ ಅದನ್ನು ರಚಿಸಿದ್ದು ಪರದೆಯ ಮೇಲಿನ ಒಂದು ಕಾರ್ಟೂನ್ ನಾಯಿ ಆಡುವ ಮಾತಿಗಾಗಿ. ಅದು ವಿಂಡೋಸಿನ ಪಟ್ಟಿಗೆ ಸೇರಿ ಎಲ್ಲರ ಕೈಗೂ ಸಿಕ್ಕಿತು. ಆಸ್ಪತ್ರೆಯ ಸೂಚನೆಯಿಂದ ಹಿಡಿದು ಸಮಾಧಿಯ ಕಲ್ಲಿನವರೆಗೂ ಹೋಯಿತು. 2012ರ ಜುಲೈ 4ರಂದು ಜಿನೀವಾದ ಸರ್ನ್‌ನಲ್ಲಿ ಹಿಗ್ಸ್ ಬೋಸಾನ್ ಪತ್ತೆಯಾದ ಸುದ್ದಿಯನ್ನು ಲೋಕಕ್ಕೆ ತಿಳಿಸಿದ ಸ್ಲೈಡುಗಳಲ್ಲೂ ಅದೇ ಇತ್ತು. ಅಷ್ಟು ಬೈಗುಳ ತಿಂದ ಅಕ್ಷರವನ್ನೇ ಓದುವ ತೊಡಕಿರುವ ಮಕ್ಕಳಿಗೆ ಒಳ್ಳೆಯದು ಎಂದು ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಸ್ಥೆ ಸೂಚಿಸುತ್ತದೆ. ಟೈಮ್ಸ್ ನ್ಯೂ ರೋಮನ್ ಕತೆಯೂ ಹೀಗೆಯೇ. 1932ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ಕಿರಿದಾದ ಕಾಲಮ್ಮುಗಳಲ್ಲಿ ಹೆಚ್ಚು ಮಾತು ಹಿಡಿಸಲು ಸ್ಟ್ಯಾನ್ಲಿ ಮಾರಿಸನ್ ಮಾಡಿಸಿದ ಅಕ್ಷರ ಅದು. ನಮ್ಮ ಬಾಡಿಗೆ ಕರಾರಿನಲ್ಲೂ ಕಾಲೇಜಿನ ಪ್ರಾಜೆಕ್ಟಿನಲ್ಲೂ ಈಗ ಅದೇ ಕೂತಿದೆ, ಬೇರೆ ಯಾವುದನ್ನೂ ಯಾರೂ ಆರಿಸದೇ ಇದ್ದುದರಿಂದ. ಈ ಒಂದೊಂದು ಕತೆಯಲ್ಲೂ ನನಗೆ ಕಾಣುವುದು ಇದೇ: ಅಕ್ಷರ ಹಳಸುವುದು ಅದರ ರೂಪದಿಂದಲ್ಲ, ನಾವು ಆರಿಸುವುದನ್ನೇ ಬಿಟ್ಟಿದ್ದರಿಂದ.

ಅಣ್ಣ, ಫಾಂಟು ಯಾವುದಾದರೂ ಆಗಲಿ, ಅದನ್ನು ಮೌಸಿನಿಂದ ಹಿಡಿದು ಎಳೆಯುವುದನ್ನು ಕಂಡಾಗ ನನಗೆ ಇನ್ನೂ ಸಂಕಟವಾಗುತ್ತದೆ. ಬೋರ್ಡು ಉದ್ದವಿದೆ, ಹೆಸರು ಗಿಡ್ಡವಿದೆ. ಎರಡು ತುದಿ ಹಿಡಿದು ಜಗ್ಗಿದರೆ ತುಂಬುತ್ತದೆ. ಹಾಗೆ ಜಗ್ಗಿದಾಗ ಅಕ್ಷರದ ನಿಂತ ಗೆರೆಗಳು ದಪ್ಪವಾಗುತ್ತವೆ, ಮಲಗಿದ ಗೆರೆಗಳು ಮೊದಲಿನಷ್ಟೇ ಉಳಿಯುತ್ತವೆ. ದುಂಡಗಿನ ‘ಠ’ ಮೊಟ್ಟೆಯಾಗುತ್ತದೆ. ಕನ್ನಡದ ಚೆಲುವೆಲ್ಲ ಆ ದುಂಡಿನಲ್ಲಿದೆ. ಇನ್ನು ಸಾಲುಗಳ ನಡುವಿನ ಜಾಗ. ಇಂಗ್ಲಿಷಿಗೆ ಸಾಕಾಗುವ ಜಾಗ ನಮಗೆ ಸಾಲದು. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ; ‘ರಾಷ್ಟ್ರ’ದಲ್ಲಿ, ‘ಸ್ತ್ರೀ’ಯಲ್ಲಿ ಎರಡೆರಡು ಒತ್ತು ಇಳಿಯುತ್ತವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಎರಡೂ ಕೆಡುತ್ತವೆ. ಒತ್ತಿನ ಬಾಲ ಕತ್ತರಿಸಿಹೋದ ಬೋರ್ಡುಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಈ ಮಾತು ಈಗ ಯಾಕೆ ಮುಖ್ಯ ಎಂದರೆ, ಕರ್ನಾಟಕದ ಬೀದಿಗಳಲ್ಲಿ ಇಷ್ಟು ಕನ್ನಡ ಒಮ್ಮೆಗೇ ಎದ್ದು ನಿಂತದ್ದು ಈಗಲೇ. ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದು 2024ರಲ್ಲಿ ಕಾನೂನು ಬಂತು. ಬೆಂಗಳೂರಿನ ಅಂಗಡಿಗಳಿಗೆ ಆ ಫೆಬ್ರುವರಿಯ ಗಡುವಿತ್ತು. ರಾತ್ರೋರಾತ್ರಿ ಬೋರ್ಡು ಬದಲಾದವು. ನಾನು ಈ ಕಾನೂನಿನ ಪರ. ಆದರೆ ಗಡುವಿನ ಅವಸರದಲ್ಲಿ ಪಟ್ಟಿಯಲ್ಲಿ ಮೊದಲು ಸಿಕ್ಕ ಅಕ್ಷರವೇ ಬೋರ್ಡು ಹತ್ತಿತು. ಪಕ್ಕದ ಇಂಗ್ಲಿಷ್ ಹೆಸರಿಗೆ ಕಂಪನಿ ಹಣ ಕೊಟ್ಟು ಮಾಡಿಸಿದ ಅಕ್ಷರ. ಕನ್ನಡಕ್ಕೆ ಜಗ್ಗಿದ ತುಂಗಾ. ಎಷ್ಟು ಕನ್ನಡ ಇರಬೇಕು ಎನ್ನುವುದನ್ನು ಕಾನೂನು ಹೇಳಬಲ್ಲದು. ಹೇಗಿರಬೇಕು ಎನ್ನುವುದು ನಿಮ್ಮ ಕೈಯಲ್ಲೂ ನನ್ನ ಕೈಯಲ್ಲೂ ಇದೆ. ಕೋಲ್ಕತ್ತದ ಪಾಲಿಕೆಯೂ ಅಂಗಡಿ ಫಲಕಗಳಲ್ಲಿ ಬಂಗಾಳಿ ಕಡ್ಡಾಯ ಮಾಡಿದೆ. ಇಲ್ಲಿನ ನನ್ನ ಗೆಳತಿಯರೂ ತಮ್ಮ ಲಿಪಿಯ ಬಗ್ಗೆ ಇದೇ ಚಿಂತೆಯಲ್ಲಿದ್ದಾರೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ನಿಮ್ಮ ಕಂಪ್ಯೂಟರಿನಲ್ಲಿರುವುದು ಪೇಜ್‌ಮೇಕರ್, ಇಲ್ಲವೇ ಹಳೆಯ ಕೋರೆಲ್‌ಡ್ರಾ. ಅವಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಒತ್ತು ಬಿಡಿಬಿಡಿಯಾಗಿ ಒಡೆದು ಬೀಳುತ್ತದೆ. ಹಾಗಾಗಿ ಹಳೆಯ ಎನ್‌ಕೋಡಿಂಗಿನ ನುಡಿಯನ್ನೋ ಶ್ರೀಲಿಪಿಯನ್ನೋ ಬಿಡುವ ಹಾಗಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾನೆ, ಕರೆಂಟು ಯಾವಾಗ ಹೋಗುತ್ತದೋ ತಿಳಿಯದು, ನೂರು ಕಾಗದಕ್ಕೆ ನಿಮಗೆ ಉಳಿಯುವುದು ಅಷ್ಟಕ್ಕಷ್ಟೆ. ಇದರ ಜೊತೆಗೆ ಕನ್ನಡದ ಒಂದು ಫಾಂಟು ಮಾಡುವುದೂ ಸುಲಭದ ಮಾತಲ್ಲ. ಇಂಗ್ಲಿಷಿಗೆ ದೊಡ್ಡ ಸಣ್ಣ ಸೇರಿ 52 ಅಕ್ಷರ. ನಮ್ಮ ವರ್ಣಮಾಲೆಯ 49 ಅಕ್ಷರ ಬರೆದರೆ ಕೆಲಸ ಆಗಷ್ಟೇ ಶುರು. 34 ವ್ಯಂಜನಗಳಿಗೂ ಗುಣಿತ ಕೂಡಬೇಕು, 34ಕ್ಕೂ ಒತ್ತು ಬರೆಯಬೇಕು, ಒತ್ತಿನ ಕೆಳಗೆ ಒತ್ತು ಬಂದರೆ ಎಲ್ಲಿ ಕೂರಬೇಕೆಂದು ಲೆಕ್ಕ ಹಾಕಬೇಕು, ಅರ್ಕಾವತ್ತು ಕೊಂಬಿಗೆ ತಾಗದಂತೆ ನೋಡಬೇಕು. ಹೀಗೆ ನೂರಾರು ರೂಪಗಳು, ತಿಂಗಳುಗಟ್ಟಲೆ ದುಡಿಮೆ. ಇಷ್ಟು ಶ್ರಮಕ್ಕೆ ದುಡ್ಡು ಕೊಡುವವರು ಕಡಿಮೆ. ಕೊಳ್ಳುವವರಿಲ್ಲದೆ ಮಾಡುವವರು ಹುಟ್ಟುವುದಿಲ್ಲ, ಮಾಡುವವರಿಲ್ಲದೆ ನಿಮ್ಮ ಪಟ್ಟಿ ಬೆಳೆಯುವುದಿಲ್ಲ.

ಕನ್ನಡದ ಅಕ್ಷರ ಮಾಡುವ ಈ ಪಾಡು ಹೊಸದಲ್ಲ ಎಂದು ಈ ಊರಿಗೆ ಬಂದ ಮೇಲೆ ನನಗೆ ತಿಳಿಯಿತು. ಇಲ್ಲಿಂದ ಲೋಕಲ್ ಟ್ರೈನಿನಲ್ಲಿ ಒಂದು ತಾಸಿನೊಳಗೆ ಶ್ರೀರಾಂಪುರ ಸಿಗುತ್ತದೆ, ಹೂಗ್ಲಿಯ ದಡದ ಊರು. 1800ರಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು ಅಲ್ಲಿ ಮುದ್ರಣಾಲಯ ತೆರೆದರು. ಅಲ್ಲಿನ ಅಚ್ಚುಮೊಳೆ ಎರಕದ ಮನೆ ಕಟ್ಟಿದವರು ಪಂಚಾನನ ಕರ್ಮಕಾರ್. ಕರ್ಮಕಾರ ಎಂದರೆ ನಮ್ಮ ಕಮ್ಮಾರ. 1778ರಲ್ಲಿ ಅಚ್ಚಾದ ಹಾಲ್ಹೆಡನ ಬಂಗಾಳಿ ವ್ಯಾಕರಣಕ್ಕೆ ಚಾರ್ಲ್ಸ್ ವಿಲ್ಕಿನ್ಸ್ ಜೊತೆ ಕೂತು ಅಚ್ಚುಮೊಳೆ ಕೊರೆದವರೂ ಅವರೇ. ಅವರ ಬಳಿಕ ಅಳಿಯ ಮನೋಹರ ಆ ಕೆಲಸ ಮುಂದುವರಿಸಿದರು. 1812ರ ಮಾರ್ಚಿನಲ್ಲಿ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕೈಬರಹಗಳು ಸುಟ್ಟುಹೋದವು, ಹಲವು ಭಾಷೆಗಳ ಮೊಳೆಗಳು ಕರಗಿಹೋದವು. ಮುದ್ರಣಾಲಯದವರು ಮತ್ತೆ ಎರಕ ಹೊಯ್ದರು. ಅದಾಗಿ ಐದು ವರ್ಷಕ್ಕೆ, 1817ರಲ್ಲಿ, ಅದೇ ಮುದ್ರಣಾಲಯದಿಂದ ಕೇರಿಯ ಕನ್ನಡ ವ್ಯಾಕರಣ ಹೊರಬಂತು. ತುಂಗೆಯಿಂದ ಇಷ್ಟು ದೂರದಲ್ಲಿ, ಗಂಗೆಯ ದಡದಲ್ಲಿ, ಕನ್ನಡ ಮಾತಾಡದ ಜನ ಕನ್ನಡದ ತಲೆಕಟ್ಟನ್ನು ಲೋಹದಲ್ಲಿ ಹಿಡಿಯಲು ಪಟ್ಟ ಪಾಡು ನೆನೆದರೆ ಮೈ ಜುಮ್ಮೆನ್ನುತ್ತದೆ. ಮಂಗಳೂರಿನ ಬಾಸೆಲ್ ಮಿಶನ್ನಿನವರು 1843ರಲ್ಲಿ ಹೊರತಂದ ಮಂಗಳೂರು ಸಮಾಚಾರ ಮಾತ್ರ ಮೊದಲು ಕಲ್ಲಚ್ಚಿನಲ್ಲಿ ಬಂತು. ಕೈಯಲ್ಲಿ ಬರೆದ ಅಕ್ಷರವನ್ನೇ ಕಲ್ಲಿಗಿಳಿಸಿ ಒತ್ತಿದ್ದು. ನಮ್ಮ ಮೊದಲ ಪತ್ರಿಕೆಯ ಮುಖದಲ್ಲಿ ಒಬ್ಬ ಮನುಷ್ಯನ ಕೈಯ ನಡೆ ಇತ್ತು.

ಕೈಯ ನಡೆ ಎಂದರೇನೆಂದು ನನಗೆ ಕಲಿಸಿದ್ದೂ ಇದೇ ರಸ್ತೆ. ಸದರ್ನ್ ಅವೆನ್ಯೂದಿಂದ ಒಳಗೆ ತಿರುಗಿದರೆ ಲೇಕ್ ಟೆಂಪಲ್ ರಸ್ತೆ. ಸತ್ಯಜಿತ್ ರಾಯ್ 1970ಕ್ಕೆ ಮೊದಲು ಕೆಲವು ವರ್ಷ ಅಲ್ಲಿದ್ದರು. ಅವರನ್ನು ಲೋಕ ಸಿನಿಮಾದವರೆಂದು ಬಲ್ಲದು. ನನ್ನಂಥವರಿಗೆ ಅವರು ಮೊದಲು ಅಕ್ಷರದವರು. 1943ರಲ್ಲಿ ಜಾಹೀರಾತು ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು, ಸಿಗ್ನೆಟ್ ಪ್ರೆಸ್ಸಿನ ಪುಸ್ತಕಗಳಿಗೆ ಮುಖಪುಟ ಬರೆದರು. ಅವರ ಅಜ್ಜ ಉಪೇಂದ್ರಕಿಶೋರ್ ಮುದ್ರಣ ತಂತ್ರದಲ್ಲಿ ಹೊಸ ದಾರಿ ಹುಡುಕಿದವರು, ತಂದೆ ಸುಕುಮಾರ್ ಇಂಗ್ಲೆಂಡಿಗೆ ಹೋಗಿ ಮುದ್ರಣ ಓದಿ ಬಂದವರು. ಸತ್ಯಜಿತ್ ತಮ್ಮ ಸಿನಿಮಾಗಳ ಹೆಸರನ್ನು ತಾವೇ ಬರೆದರು, ಕತೆಯ ಗುಣಕ್ಕೆ ತಕ್ಕ ಹಾಗೆ ಒಂದೊಂದಕ್ಕೂ ಬೇರೆ ಅಕ್ಷರ. ರೋಮನ್ ಲಿಪಿಗೆ ರೇ ರೋಮನ್, ರೇ ಬಿಜಾರ್ ಮುಂತಾದ ಅಕ್ಷರಗಳನ್ನೂ ರೂಪಿಸಿದರು. ಈಗಲೂ ಇಲ್ಲಿನ ಅನೇಕ ಪೂಜಾ ಸಮಿತಿಗಳು ಆ ವರ್ಷದ ಪೆಂಡಾಲಿನ ವಿಷಯಕ್ಕೆ ಹೊಂದುವ ಹೆಸರನ್ನು ಕಲಾವಿದರಿಂದ ಹೊಸದಾಗಿ ಬರೆಸುತ್ತವೆ. ಐದು ದಿನದ ಹಬ್ಬಕ್ಕೆ ಹೊಸ ಸೀರೆ, ಹೊಸ ಪ್ರತಿಮೆ, ಹೊಸ ಅಕ್ಷರ.

ನಮ್ಮಲ್ಲೂ ಈ ಕೈ ಸತ್ತಿಲ್ಲ. ಅಪಾರ ಎಂಬ ಕಲಾವಿದರು ಮಾಡುವ ಪುಸ್ತಕದ ಮುಖಪುಟಗಳನ್ನು ನೋಡಿ. ಪುಸ್ತಕ ತೆರೆಯುವ ಮೊದಲೇ ಹೆಸರಿನ ಅಕ್ಷರ ಒಳಗಿನ ಹವೆ ಹೇಳುತ್ತದೆ. ಕನ್ನಡ ಸಿನಿಮಾಗಳ ಹೆಸರು ಬರೆಯುವವರಿದ್ದಾರೆ, ಲಾರಿಯ ಹಿಂದೆ ‘ತಾಯಿಯ ಆಶೀರ್ವಾದ’ ಬರೆಯುವ ಪೇಂಟರುಗಳು ಊರಿಗೊಬ್ಬರಾದರೂ ಉಳಿದಿದ್ದಾರೆ. ನಿಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಮ್ಮ ತಂದೆಯವರ ಟ್ರೆಡಲ್ ಯಂತ್ರ ತುಕ್ಕು ಹಿಡಿದು ನಿಂತಿರುವುದನ್ನು ನೋಡಿದೆ. ಅವರ ಬಳಿ ಇದ್ದುದು ಮೂರೋ ನಾಲ್ಕೋ ಗಾತ್ರದ ಮೊಳೆಗಳು. ಆದರೂ ನಮ್ಮ ಅಜ್ಜನ ಕಾಲದ ಕಾಗದಗಳಲ್ಲಿ ಮದುವೆಯದಕ್ಕೆ ಒಂದು ಜೋಡಣೆ, ತಿಥಿಯದಕ್ಕೆ ಇನ್ನೊಂದು ಜೋಡಣೆ. ಒಂದರಲ್ಲಿ ಹೆಸರು ದೊಡ್ಡದಾಗಿ, ನಡುವೆ, ಸುತ್ತ ಹೂವಿನ ಅಂಚು. ಇನ್ನೊಂದರಲ್ಲಿ ಬರೀ ಸಾಲುಗಳು, ಸುತ್ತ ತುಂಬ ಖಾಲಿ ಜಾಗ. ಮೊಳೆಯ ಬಡತನದಲ್ಲೂ ಅವರು ಆರಿಸುವುದನ್ನು ಬಿಟ್ಟಿರಲಿಲ್ಲ.

ನಿಮಗೆ ಆ ಬಡತನವಿಲ್ಲ, ಅಣ್ಣ. ದುಡ್ಡು ಕೊಡದೆ, ಕದಿಯದೆ, ವ್ಯಾಪಾರದ ಕೆಲಸಕ್ಕೂ ಬಳಸಬಹುದಾದ ಯೂನಿಕೋಡ್ ಕನ್ನಡ ಫಾಂಟುಗಳು ಈಗ ಬೇಕಾದಷ್ಟಿವೆ. ತಿರೋ ಕನ್ನಡ ಇದೆ, ಪುಸ್ತಕದ ಓದಿಗೆ ಒಗ್ಗುವ ಹಳೆಯ ಅಚ್ಚಿನ ಗಾಂಭೀರ್ಯದ್ದು. ಅಪ್ಪನ ಕಾಗದಕ್ಕೆ ನಾನು ಅದನ್ನೇ ಆರಿಸುತ್ತಿದ್ದೆ. ನೋಟೊ ಸೆರಿಫ್ ಕನ್ನಡ ಇದೆ, ದಪ್ಪ ತೆಳುವಿನ ಏರಿಳಿತ ಇರುವಂಥದ್ದು. ಎರಿನ್ ಮೆಕ್‌ಲಾಫ್ಲಿನ್ ಅವರ ಹುಬ್ಬಳ್ಳಿ ಇದೆ, ಒಂದೇ ದಪ್ಪದ ಗೆರೆಯ ಸಲಿಗೆಯ ಅಕ್ಷರ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯ ಕನಡಕ ಇದೆ; ಅದರಲ್ಲಿ ಕುಂಚದ ಲವಲವಿಕೆ ಇದೆ, ಮದುವೆ ಮನೆಯ ಹೆಸರಿಗೆ ಚೆಂದ. ಇನ್ನು ಬೋರ್ಡು ಉದ್ದವಿದ್ದರೆ ಏಕ್ ಟೈಪ್ ಬಳಗದ ಅನೇಕ್ ಕನ್ನಡ ನೋಡಿ. ಅಕ್ಷರದ ಅಗಲ, ದಪ್ಪ ಎರಡನ್ನೂ ವಿನ್ಯಾಸಕರೇ ಅಳೆದು ಹಿಗ್ಗಿಸಿದ್ದಾರೆ, ಕುಗ್ಗಿಸಿದ್ದಾರೆ. ನೀವು ಜಗ್ಗಬೇಕಾದ್ದೇ ಇಲ್ಲ. ಅಗಲವಾದ ರೂಪವನ್ನು ಆರಿಸಿದರೆ ಆಯಿತು, ‘ಠ’ದ ಗೆರೆಗಳು ಕೆಡುವುದಿಲ್ಲ. ಹಳೆಯ ಸಾಫ್ಟ್‌ವೇರ್ ಇವನ್ನು ಒಡೆದರೆ, ಸ್ಕ್ರೈಬಸ್, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶಗಳಿವೆ. ಕಲಿಯಲು ಕೆಲವು ಸಂಜೆ ಬೇಕು. ಕಲಿಸಲು ನಾನಿದ್ದೇನೆ.

ನಾನು ಕೇಳುವುದು ದೊಡ್ಡದೇನಲ್ಲ. ಗಿರಾಕಿ ಬಂದಾಗ ‘ಎಷ್ಟು ಕಾಪಿ’ ಎನ್ನುವ ಮೊದಲು ‘ಏನು ಸಮಾಚಾರ’ ಎಂದು ಕೇಳಿ. ಆ ಉತ್ತರಕ್ಕೆ ತಕ್ಕ ಎರಡು ಅಕ್ಷರ ತೋರಿಸಿ, ಅವರೇ ಆರಿಸಲಿ. ಅಕ್ಷರವನ್ನು ಜಗ್ಗಬೇಡಿ. ಸಾಲುಗಳ ನಡುವೆ ಒತ್ತು ಕೂರುವಷ್ಟು ಜಾಗ ಬಿಡಿ. ನುಡಿಯನ್ನು ಅರ್ಜಿಗೆ, ತುಂಗಾವನ್ನು ಪರದೆಗೆ, ಬಾಲೂ ತಮ್ಮನನ್ನು ಮಕ್ಕಳಿಗೆ ಬಿಟ್ಟುಕೊಡಿ. ನೀವು ತೋರಿಸಿದ ಅಕ್ಷರ ಚೆನ್ನಾಗಿದೆ ಎಂದು ಹತ್ತು ಜನ ಹೇಳಿದರೆ ಹನ್ನೊಂದನೆಯವರು ತಾವಾಗಿ ಕೇಳುತ್ತಾರೆ. ಕೇಳುವವರಿದ್ದರೆ ಹೊಸ ಕನ್ನಡ ಅಕ್ಷರ ಬರೆಯಲು ಕೂತ ಹುಡುಗ ಹುಡುಗಿಯರಿಗೆ ಊಟಕ್ಕೊಂದು ದಾರಿಯಾಗುತ್ತದೆ. ವಿನ್ಯಾಸ ಶಾಲೆಗಳಲ್ಲಿ ಕೂತು ನಾವು ಮಾಡುವ ಚರ್ಚೆಗಿಂತ ನಿಮ್ಮ ಒಂದು ಅಂಗಡಿ ಹೆಚ್ಚು ಕಣ್ಣುಗಳನ್ನು ಮುಟ್ಟುತ್ತದೆ. ಒಂದು ತಾಲ್ಲೂಕಿನ ಹುಟ್ಟು, ಮದುವೆ, ಜಾತ್ರೆ, ಸಾವು ಎಲ್ಲಕ್ಕೂ ಯಾವ ದನಿ ಎನ್ನುವುದನ್ನು ತೀರ್ಮಾನಿಸುವವರು ನೀವು.

ನಮ್ಮ ಕಡೆ ಹಿರಿಯರು ಗಂಗಾ ಸ್ನಾನ, ತುಂಗಾ ಪಾನ ಎನ್ನುತ್ತಾರೆ. ಮೀಯಲು ಗಂಗೆ, ಕುಡಿಯಲು ತುಂಗೆ. ಎರಡೂ ಪವಿತ್ರವೇ, ಆದರೂ ಯಾವುದು ಯಾವುದಕ್ಕೆ ಎನ್ನುವುದು ಅವರಿಗೆ ಗೊತ್ತಿತ್ತು.

ಅಪ್ಪನ ವರ್ಷಾಂತಿಕಕ್ಕೆ ಮುಂದಿನ ತಿಂಗಳು ಊರಿಗೆ ಬರುತ್ತೇನೆ. ಕಾಗದ ಮಾಡಿಸಲು ನಿಮ್ಮಲ್ಲಿಗೇ ಬರುತ್ತೇನೆ, ಸಂಜೆ, ಗಿರಾಕಿಗಳು ಹೋದ ಮೇಲೆ. ಪಟ್ಟಿಯನ್ನು ಕೊನೆಯವರೆಗೆ ಇಬ್ಬರೂ ಕೂತು ನೋಡೋಣ. ಅಪ್ಪ ಮಾತು ಕಡಿಮೆ ಆಡುತ್ತಿದ್ದರು, ಆಡಿದರೆ ನಿಧಾನಕ್ಕೆ ಆಡುತ್ತಿದ್ದರು. ಅಂಥ ಅಕ್ಷರವೊಂದನ್ನು ನೀವೇ ಆರಿಸಿಕೊಡಬೇಕು.

ಇಂತಿ ನಿಮ್ಮ ತಂಗಿ,
ತೀರ್ಥಹಳ್ಳಿಯವಳು, ಸದ್ಯ ಸದರ್ನ್ ಅವೆನ್ಯೂ